ಕಂದಕದ ಮೊದಲ ಹಗೆ ನೀರು: ಪಶ್ಚಿಮ ರಣರಂಗದ ಮಣ್ಣಿನ ಕೆಲಸ, 1914–1918

ಎಲ್ಲರಿಗೂ ನಮಸ್ಕಾರ.

ಮೊದಲ ಮಹಾಯುದ್ಧ ಎಂದೊಡನೆ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗುವುದು ಹೈಫಾ. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಮತ್ತು ಮೈಸೂರಿನ ಲ್ಯಾನ್ಸರ್ಸ್ ಸವಾರರು ಆ ಊರನ್ನು ಗೆದ್ದರು. ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂವರಲ್ಲಿ ಒಬ್ಬ ಮೈಸೂರು ಸವಾರ. ಹೆಮ್ಮೆಪಡುವ ಸಂಗತಿಯೇ ಸರಿ. ಆದರೆ ಆ ಯುದ್ಧದಲ್ಲಿ ಕುದುರೆ ಓಡಿದ ದಿನಗಳು ಕಡಿಮೆ, ಗುದ್ದಲಿ ಆಡಿದ ದಿನಗಳು ಹೆಚ್ಚು. ಫ್ರಾನ್ಸ್ ಮತ್ತು ಬೆಲ್ಜಿಯಂನಲ್ಲಿ ನಾಲ್ಕು ವರ್ಷ ಲಕ್ಷಾಂತರ ಜನ ದಿನನಿತ್ಯ ಮಾಡಿದ್ದು ಅಗೆಯುವುದು, ಹೊರುವುದು, ಕುಸಿದದ್ದನ್ನು ಮತ್ತೆ ಕಟ್ಟುವುದು. ಇವತ್ತಿನ ಮಾತು ಅದರ ಬಗ್ಗೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಕಂದಕದೊಳಗೆ ಮನುಷ್ಯನಿಗೆ ಆದ ಕಷ್ಟಗಳಲ್ಲಿ ಬಹುಪಾಲು ನೀರಿನಿಂದ ಹುಟ್ಟಿದವು, ಮತ್ತು ಅವುಗಳಲ್ಲಿ ತಹಬಂದಿಗೆ ಬಂದವು ಹೊಸ ಯಂತ್ರಗಳಿಗಿಂತ ಹೆಚ್ಚಾಗಿ ನಿತ್ಯದ ಕಟ್ಟುನಿಟ್ಟಿನಿಂದ ಬಂದವು. ಉದಾಹರಣೆಗಳನ್ನು ಆದಷ್ಟೂ ಭಾರತೀಯ ಸೈನಿಕರು ನಿಂತ ಜಾಗದಿಂದಲೇ ತೆಗೆದುಕೊಳ್ಳುತ್ತೇನೆ. ಲಾಹೋರ್ ಮತ್ತು ಮೀರತ್ ಡಿವಿಷನ್‌ಗಳು 1914ರ ಸೆಪ್ಟೆಂಬರ್ ಕೊನೆಯಿಂದ ಮಾರ್ಸೇ ಬಂದರಿನಲ್ಲಿ ಇಳಿಯತೊಡಗಿದವು. ಅಲ್ಲಿ ಅವರಿಗೆ ಹೊಸ ಮಾದರಿಯ ರೈಫಲ್ ಕೊಟ್ಟರು. ಬೆಚ್ಚನೆಯ ಬಟ್ಟೆ ಮಾತ್ರ ತಡವಾಗಿ ಬಂತು. ಅಕ್ಟೋಬರ್ ಕೊನೆಯ ಹೊತ್ತಿಗೆ ಅವರು ಉತ್ತರ ಫ್ರಾನ್ಸಿನ ಜಿವಾಂಶಿ, ಫೆಸ್ಟುಬೇರ್, ನವ್ ಶಾಪೆಲ್ ಊರುಗಳ ನಡುವಿನ ತಗ್ಗು ಹೊಲಗಳಲ್ಲಿದ್ದರು. ಪಶ್ಚಿಮ ರಣರಂಗದಲ್ಲಿ ಕಂದಕ ತೋಡಲು ಅತಿ ಕೆಟ್ಟ ಜಾಗಗಳ ಪಟ್ಟಿ ಮಾಡಿದರೆ ಅದರಲ್ಲಿ ಈ ಬಯಲಿಗೆ ಖಂಡಿತ ಸ್ಥಾನವಿದೆ.

ಕಂದಕ ಏಕೆ ಬೇಕಾಯಿತು ಎನ್ನುವುದನ್ನು ಬೇಗ ಮುಗಿಸುತ್ತೇನೆ. ಮಾರ್ನ್ ಕದನದ ನಂತರ ಹಿಂದೆ ಸರಿದ ಜರ್ಮನ್ನರು ಏನ್ ನದಿಯ ದಿಬ್ಬಗಳ ಮೇಲೆ ಅಗೆದು ಕೂತರು. ಮೆಷಿನ್‌ಗನ್ ಮತ್ತು ಫಿರಂಗಿಗಳ ಎದುರು ನಿಂತವನು ಸಾಯುತ್ತಿದ್ದ, ಆದ್ದರಿಂದ ಎದುರಿನವರೂ ಅಗೆದರು. ಇಬ್ಬರೂ ಒಬ್ಬರನ್ನೊಬ್ಬರು ಬಳಸಿ ಹೋಗಲು ನೋಡುತ್ತ ಉತ್ತರಕ್ಕೆ ಸರಿದು ಕಡಲು ಮುಟ್ಟಿದರು. 1914 ಮುಗಿಯುವಷ್ಟರಲ್ಲಿ ಬೆಲ್ಜಿಯಂನ ಕಡಲತೀರದಿಂದ ಸ್ವಿಟ್ಜರ್ಲೆಂಡ್ ಗಡಿಯವರೆಗೆ ಸುಮಾರು 700 ಕಿಲೋಮೀಟರ್ ಉದ್ದಕ್ಕೆ ಕಂದಕಗಳ ಸಾಲು ಬಿದ್ದಿತ್ತು.

ಅಡ್ಡಸೀಳಿ ನೋಡಿದರೆ

ಕಂದಕ ಎಂದರೆ ಉದ್ದನೆಯ ಗುಂಡಿ ಎಂದುಕೊಂಡರೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ. ಅಡ್ಡಸೀಳಿದಂತೆ ಕಲ್ಪಿಸಿಕೊಳ್ಳಿ. ಶತ್ರುವಿನ ಕಡೆಗೆ ಎದೆಗೋಡೆ, ಹಿಂಬದಿಗೆ ಬೆನ್ನುಗೋಡೆ. ನೆಲದಿಂದ ಎದೆಗೋಡೆಯ ತುದಿಯವರೆಗೆ ಆರೇಳು ಅಡಿ, ಅಂದರೆ ನಡೆದು ಹೋಗುವವನ ತಲೆ ಹೊರಗೆ ಕಾಣಬಾರದು. ಹಾಗಾದರೆ ಅವನು ಗುಂಡು ಹಾರಿಸುವುದು ಹೇಗೆ? ಅದಕ್ಕಾಗಿ ಎದೆಗೋಡೆಯ ಬುಡದಲ್ಲಿ ಎರಡು ಮೂರು ಅಡಿ ಎತ್ತರದ ಒಂದು ಜಗಲಿ. ಕಾವಲಿನವನು ಅದರ ಮೇಲೆ ನಿಲ್ಲುತ್ತಾನೆ, ಉಳಿದವರು ಅದರ ಮೇಲೆ ಕೂರುತ್ತಾರೆ, ಜಾಗ ಸಿಕ್ಕರೆ ಮಲಗುತ್ತಾರೆ.

ಬೆನ್ನುಗೋಡೆ ಏಕೆ ಎಂದು ಕೇಳಬಹುದು, ಶತ್ರು ಮುಂದಿದ್ದಾನಲ್ಲ. ಎರಡು ಕಾರಣ. ಹಿಂದೆ ಬಿದ್ದು ಸಿಡಿಯುವ ಶೆಲ್‌ನ ಚೂರುಗಳು ಬೆನ್ನಿಗೆ ಬಡಿಯಬಾರದು. ಎರಡನೆಯದು, ಹಿಂದೆ ಏನೂ ಇಲ್ಲದಿದ್ದರೆ ಜಗಲಿಯ ಮೇಲೆ ನಿಂತವನ ತಲೆ ಬೆಳಗಿನ ಆಕಾಶದ ಎದುರು ಕಪ್ಪಗೆ ಎದ್ದು ಕಾಣುತ್ತದೆ. ಮೊದಮೊದಲು ಬ್ರಿಟಿಷರು ಎದೆಗೋಡೆಯ ಮೇಲ್ಭಾಗವನ್ನು ಚೊಕ್ಕವಾಗಿ, ಮಟ್ಟಸವಾಗಿ ಕಟ್ಟುತ್ತಿದ್ದರು. ಅಂಥ ನೇರ ಗೆರೆಯ ಮೇಲೆ ಏನೇ ಅಲುಗಿದರೂ ಎದುರಿನ ಗುರಿಕಾರನಿಗೆ ತಕ್ಷಣ ಕಾಣುತ್ತಿತ್ತು. ಜರ್ಮನ್ನರು ಬಣ್ಣಬಣ್ಣದ ಚೀಲಗಳನ್ನು ಒಡ್ಡೊಡ್ಡಾಗಿ ಪೇರಿಸುತ್ತಿದ್ದರು, ಅದರಲ್ಲಿ ಕಿಂಡಿ ಯಾವುದು, ಟೋಪಿ ಯಾವುದು ತಿಳಿಯುತ್ತಿರಲಿಲ್ಲ. ಅಚ್ಚುಕಟ್ಟು ಇಲ್ಲಿ ಜೀವಕ್ಕೆ ಮುಳುವಾಗಿತ್ತು. ಇದನ್ನು ದಂಡಿನ ಅಧಿಕಾರಿಗಳಿಗೆ ಒಪ್ಪಿಸಲು ಸಾಕಷ್ಟು ಸಮಯ ಹಿಡಿಯಿತು.

ಈಗ ಮೇಲಿನಿಂದ ನೋಡಿ. ಮುಂಚೂಣಿ ಕಂದಕ ನೇರವಾಗಿ ಓಡುವುದಿಲ್ಲ. ಹದಿನೆಂಟರಿಂದ ಮೂವತ್ತು ಅಡಿಗೊಂದು ಸಲ ಹಿಂದಕ್ಕೆ ತಿರುಗಿ, ಅಗೆಯದೆ ಬಿಟ್ಟ ಮಣ್ಣಿನ ದಪ್ಪ ದಿಮ್ಮಿಯೊಂದನ್ನು ಬಳಸಿಕೊಂಡು ಮತ್ತೆ ಮುಂದಕ್ಕೆ ಬರುತ್ತದೆ. ಆ ದಿಮ್ಮಿಗೆ ಟ್ರಾವರ್ಸ್ ಎನ್ನುತ್ತಿದ್ದರು. ಒಂದು ಅಂಕಣದಲ್ಲಿ ಶೆಲ್ ಬಿದ್ದರೆ ಆ ಅಂಕಣದವರು ಸಾಯುತ್ತಾರೆ, ಪಕ್ಕದವರು ಉಳಿಯುತ್ತಾರೆ. ಶತ್ರು ಒಂದು ತುದಿಯಿಂದ ಒಳನುಗ್ಗಿ ಮೆಷಿನ್‌ಗನ್ ಇಟ್ಟರೂ ಅವನ ಗುಂಡು ಒಂದೇ ಅಂಕಣಕ್ಕೆ ಸೀಮಿತ. ಆದರೆ ಕೈತಪ್ಪಿದ ಕಂದಕವನ್ನು ಮರಳಿ ಹಿಡಿಯಬೇಕಾದಾಗ ಇದೇ ತಿರುವು ನಮ್ಮವರಿಗೂ ಅಡ್ಡಿ. ಒಂದೊಂದೇ ದಿಮ್ಮಿಯ ಆಚೆಗೆ ಕೈಬಾಂಬ್ ಎಸೆದು, ಸಿಡಿದ ಮರುಗಳಿಗೆ ತಿರುವಿನಲ್ಲಿ ನುಗ್ಗಬೇಕು, ಮೊದಲು ನುಗ್ಗಿದವನಿಗೆ ಎದುರಿನ ಗುಂಡು ಕಾದಿರುತ್ತದೆ. 1914ರ ನವೆಂಬರ್ 23–24ರ ರಾತ್ರಿ ಫೆಸ್ಟುಬೇರ್ ಬಳಿ 39ನೇ ಗಢವಾಲ್ ರೈಫಲ್ಸ್‌ನ ದರ್ವಾನ್ ಸಿಂಗ್ ನೇಗಿ ಮಾಡಿದ್ದು ಇದನ್ನೇ. ತಲೆಗೆ ಎರಡು ಕಡೆ, ತೋಳಿಗೆ ಒಂದು ಕಡೆ ಪೆಟ್ಟಾಗಿದ್ದರೂ ಪ್ರತಿ ತಿರುವಿನಲ್ಲೂ ಮೊದಲು ನುಗ್ಗಿದವರಲ್ಲಿ ಅವರಿದ್ದರು. ಅದಕ್ಕೆ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು.

ಮುಂಚೂಣಿಯ ಹಿಂದೆ ನೂರು ಮೀಟರ್ ಒಳಗೇ ಬೆಂಬಲದ ಸಾಲು, ಅದಕ್ಕೂ ಹಿಂದೆ ಮೀಸಲು ಸಾಲು. ಮೂರನ್ನೂ ಜೋಡಿಸುವ ಅಂಕುಡೊಂಕಿನ ಸಂಪರ್ಕ ಕಂದಕಗಳು. ರಾತ್ರಿಯೆಲ್ಲ ಊಟ, ನೀರು, ಮದ್ದುಗುಂಡು, ಹಲಗೆ, ತಂತಿ, ಗಾಯಾಳು, ಹೆಣ ಎಲ್ಲವೂ ಈ ಓಣಿಗಳಲ್ಲೇ ಹಾಯಬೇಕು. ಎದುರಿಗೊಬ್ಬ ಬಂದರೆ ಇಬ್ಬರೂ ಗೋಡೆಗೆ ಒತ್ತಿ ನಿಲ್ಲಬೇಕು.

ಅಗೆಯುವುದಕ್ಕೆ ಮೂರು ವಿಧಾನಗಳಿದ್ದವು. ಕತ್ತಲಲ್ಲಿ ಎಲ್ಲರೂ ಸಾಲಾಗಿ ನಿಂತು ಮೇಲಿನಿಂದ ಒಮ್ಮೆಲೇ ಅಗೆಯುವುದು ಬೇಗನೆ ಮುಗಿಯುತ್ತದೆ, ಆದರೆ ಎಲ್ಲರೂ ಬಯಲಲ್ಲಿರುತ್ತಾರೆ. ಇದ್ದ ಕಂದಕದ ತುದಿಯಿಂದ ಮುಂದಕ್ಕೆ ಕೊರೆಯುತ್ತ ಹೋದರೆ ಅಪಾಯ ಕಡಿಮೆ, ಆದರೆ ತುದಿಯಲ್ಲಿ ಒಬ್ಬಿಬ್ಬರಿಗೇ ಜಾಗ. ಮೂರನೆಯದು ಸುರಂಗದಂತೆ ಕೊರೆದು ಕೊನೆಗೆ ಮೇಲಿನ ಮಣ್ಣನ್ನು ಬೀಳಿಸುವುದು, ಬಲು ನಿಧಾನ. ಮೊದಲ ವಿಧಾನದಲ್ಲಿ 250 ಮೀಟರ್ ಮುಂಚೂಣಿ ಕಂದಕ ಸಿದ್ಧವಾಗಲು 450 ಜನಕ್ಕೆ ರಾತ್ರಿ 6 ಗಂಟೆ ಕೆಲಸ ಎಂದು ಬ್ರಿಟಿಷರ ಲೆಕ್ಕ. ಅದು ಮೊದಲ ಸಲ ಅಗೆಯುವುದಕ್ಕೆ. ಆಮೇಲಿನ ದುರಸ್ತಿಗೆ ಕೊನೆಯೇ ಇಲ್ಲ.

ಚೀಲ ಇಡುವ ಕ್ರಮ

ಮರಳಿನ ಚೀಲ ಎನ್ನುತ್ತೇವೆ, ಆದರೆ ಅದರಲ್ಲಿ ತುಂಬುತ್ತಿದ್ದದ್ದು ಸಿಕ್ಕಿದ ಮಣ್ಣು. ಚೀಲ ಸೆಣಬಿನದು. ಸೆಣಬು ಬಂಗಾಳದ್ದು, ಮತ್ತು ಕಲ್ಕತ್ತೆಯ ಗಿರಣಿಗಳು ಯುದ್ಧದ ವರ್ಷಗಳಲ್ಲಿ ಹಗಲಿರುಳು ಓಡಿದ್ದು ಇದಕ್ಕಾಗಿ. ಸುಮಾರು 33 ಅಂಗುಲ ಉದ್ದ, 14 ಅಂಗುಲ ಅಗಲ. ಮುಕ್ಕಾಲು ಪಾಲು ಮಾತ್ರ ತುಂಬಬೇಕು. ಬಿಗಿಯಾಗಿ ತುಂಬಿದ ಚೀಲ ಉರುಟಾಗಿ ಪಕ್ಕದ ಚೀಲಕ್ಕೆ ಕಚ್ಚಿಕೊಳ್ಳುವುದಿಲ್ಲ, ನಡುವೆ ಸಂದು ಉಳಿಯುತ್ತದೆ. ಮುಕ್ಕಾಲು ತುಂಬಿ, ಇಟ್ಟಮೇಲೆ ಸನಿಕೆಯ ಬೆನ್ನಿನಿಂದ ಬಡಿದು ಚಪ್ಪಟೆ ಮಾಡಬೇಕು. ಒಂದು ವರಸೆ ಉದ್ದಕ್ಕೆ, ಇನ್ನೊಂದು ವರಸೆ ಅಡ್ಡಕ್ಕೆ, ಕೆಳಗಿನ ಸಂದಿನ ಮೇಲೆ ಮೇಲಿನ ಸಂದು ಬರದಂತೆ. ಕಟ್ಟಿದ ಬಾಯಿ ಮತ್ತು ಹೊಲಿಗೆ ಮಣ್ಣಿನ ಕಡೆಗಿರಬೇಕು, ಕಂದಕದ ಕಡೆಗೆ ಬಂದರೆ ಹೊಲಿಗೆ ಬಿಚ್ಚಿ ಗೋಡೆ ಸೋರತೊಡಗುತ್ತದೆ. ಗೋಡೆ ನೆಟ್ಟಗೆ ನಿಲ್ಲದೆ ನಾಲ್ಕಕ್ಕೆ ಒಂದರಂತೆ ಹಿಂದಕ್ಕೆ ವಾಲಿರಬೇಕು.

ರೈಫಲ್ ಗುಂಡನ್ನು ತಡೆಯಲು ಎದೆಗೋಡೆಯ ಮಣ್ಣು ಮೂರು ಅಡಿಗೂ ದಪ್ಪ ಬೇಕು, ಒದ್ದೆ ಜೇಡಿಯಾದರೆ ಇನ್ನೂ ಹೆಚ್ಚು. ಮೆತ್ತನೆಯ ಜೇಡಿ ಗುಂಡಿಗೆ ದಾರಿ ಬಿಡುತ್ತದೆ, ಒಣ ಮರಳು ಹಿಡಿದಿಡುತ್ತದೆ. 1914ರ ಚಳಿಗಾಲದಲ್ಲಿ ಎಷ್ಟೋ ಕಡೆ ಎದೆಗೋಡೆಗಳು ನೋಡಲು ಗೋಡೆಗಳಾಗಿದ್ದವು, ಗುಂಡು ಮಾತ್ರ ಮೇಲ್ಭಾಗದಲ್ಲಿ ಸಲೀಸಾಗಿ ಹಾಯುತ್ತಿತ್ತು. ಕಿಂಡಿಗೆ ಉಕ್ಕಿನ ತಗಡು, ಹಗಲಲ್ಲಿ ನೋಡಲು ಕನ್ನಡಿ ಕೂರಿಸಿದ ಪೆರಿಸ್ಕೋಪ್, ಇವೆಲ್ಲ ಆಮೇಲೆ ಬಂದವು. ಉಕ್ಕಿನ ಟೋಪಿ ಕೂಡ ಬ್ರಿಟಿಷ್ ದಂಡಿಗೆ ಬಂದದ್ದು 1915ರ ಕೊನೆಗೆ. ಅದಕ್ಕೆ ಮೊದಲು ತಲೆಯ ಮೇಲಿದ್ದದ್ದು ಬಟ್ಟೆಯ ಟೋಪಿ ಅಥವಾ ಪೇಟ.

ನೀರು

ಬೆಲ್ಜಿಯಂ ಮತ್ತು ಉತ್ತರ ಫ್ರಾನ್ಸಿಗೆ ಹಬ್ಬಿದ ಫ್ಲಾಂಡರ್ಸ್ ಬಯಲಿನ ಕೆಳಗಿರುವುದು ನೀರು ಇಂಗದ ಜೇಡಿಮಣ್ಣು. ಮೇಲೆ ಬಿದ್ದ ಮಳೆಗೆ ಹೋಗಲು ದಾರಿ ಇರುವುದು ರೈತರು ತಲೆಮಾರುಗಳಿಂದ ತೋಡಿ ಕಾಪಾಡಿಕೊಂಡ ಚರಂಡಿಗಳಲ್ಲಿ ಮಾತ್ರ. ಕಂದಕ ಆ ಚರಂಡಿಗಳನ್ನು ಅಡ್ಡಡ್ಡ ಕಡಿಯಿತು, ಶೆಲ್‌ಗಳು ಉಳಿದದ್ದನ್ನು ಮುಚ್ಚಿದವು. ನವ್ ಶಾಪೆಲ್ ಕಡೆ ಎರಡು ಅಡಿ ಅಗೆದರೆ ಸಾಕು, ನೀರು ಒಸರುತ್ತಿತ್ತು. ಜರ್ಮನ್ನರು ಸಾಧ್ಯವಾದಲ್ಲೆಲ್ಲ ದಿಬ್ಬ ಹಿಡಿದಿದ್ದರು, ಆದ್ದರಿಂದ ಅವರು ಪಂಪ್ ಮಾಡಿ ಬಿಟ್ಟ ನೀರೂ ಇಳಿಜಾರಿನಲ್ಲಿ ಹರಿದು ಕೆಳಗಿನವರ ಕಂದಕಕ್ಕೇ ಬರುತ್ತಿತ್ತು.

ಬ್ರಿಟಿಷ್ ಮತ್ತು ಭಾರತೀಯ ತುಕಡಿಗಳು ಮೊದಲು ಕೈಪಂಪ್, ಬಕೆಟ್‌ಗಳಿಂದ ನೀರು ಎತ್ತಿ ಬೆನ್ನುಗೋಡೆಯ ಆಚೆಗೆ ಸುರಿದರು. ಇಂಗದ ನೆಲದಲ್ಲಿ ಸುರಿದ ನೀರು ಬೆಳಗಾಗುವಷ್ಟರಲ್ಲಿ ಗೋಡೆಯ ಬುಡದಿಂದ ಹಿಂತಿರುಗುತ್ತಿತ್ತು. ಕಂದಕದ ತಳದಲ್ಲಿ ಅಲ್ಲಲ್ಲಿ ಗುಂಡಿ ತೋಡಿ ನೀರನ್ನು ಅದರೊಳಗೆ ಇಳಿಸುವುದು ಸ್ವಲ್ಪ ವಾಸಿ. ಆದರೆ ಗುಂಡಿಯನ್ನು ದಿನವೂ ಖಾಲಿ ಮಾಡಬೇಕು, ಬಾಯಿಗೆ ಹಲಗೆ ಮುಚ್ಚಿರಬೇಕು, ಇಲ್ಲವಾದರೆ ಕತ್ತಲಲ್ಲಿ ಸೊಂಟದವರೆಗೆ ಇಳಿದವನನ್ನು ಎಳೆದು ತೆಗೆಯುವುದೇ ಒಂದು ಕೆಲಸ. ಕೊನೆಗೆ ಹಲವು ಕಡೆ ಅಗೆಯುವುದನ್ನೇ ಬಿಟ್ಟರು. ನೆಲದ ಮೇಲೆಯೇ ಚೀಲ ಮತ್ತು ಮಣ್ಣಿನಿಂದ ಆಳೆತ್ತರದ ಒಡ್ಡು ಕಟ್ಟಿದರು. ಕಂದಕ ಎನ್ನುವುದು ಅಲ್ಲಿ ಹೆಸರಿಗೆ ಮಾತ್ರ.

ಅಗೆದಲ್ಲಿ ಗೋಡೆ ನಿಲ್ಲಿಸುವುದು ಇನ್ನೊಂದು ಪಾಡು. ಒದ್ದೆ ಜೇಡಿ ಕಡಿದಾಗಿ ನಿಲ್ಲದೆ ಜಾರುತ್ತದೆ. ಹಿಮಗಟ್ಟಿದಾಗ ಕಲ್ಲಿನಂತಿದ್ದ ಗೋಡೆ ಬಿಸಿಲೇರಿದ ದಿನ ಉದ್ದಕ್ಕೂ ಒಮ್ಮೆಲೇ ಬೀಳುತ್ತದೆ. ಕೋಲುಗಳ ಹೆಣಿಗೆ, ತಂತಿಬಲೆ, ಅಲೆತಗಡು, ಹಲಗೆ ಇವುಗಳಿಂದ ಒಳಮೈ ಕಟ್ಟುತ್ತಿದ್ದರು. ಇವಕ್ಕೆ ಊರಿದ ಗೂಟಗಳನ್ನು ಒಳಗೆ ತಂತಿ ಎಳೆದು ಹಿಂದಿನ ಗಟ್ಟಿ ಮಣ್ಣಿಗೆ ಬಿಗಿಯಬೇಕು. ಬಿಗಿಯದೆ ಬಿಟ್ಟರೆ ಗೋಡೆಯ ಜೊತೆಗೆ ತಗಡೂ ಬೀಳುತ್ತದೆ. ಸಾಲದ್ದಕ್ಕೆ, ಮಳೆ ತಪ್ಪಿಸಿಕೊಳ್ಳಲು ಸೈನಿಕರು ಎದೆಗೋಡೆಯ ಬುಡದಲ್ಲಿ ಗೂಡು ಕೊರೆದು ಮಲಗುತ್ತಿದ್ದರು. ಬುಡ ಸಡಿಲವಾಗಿ ಗೋಡೆ ಕುಸಿದು ಮಲಗಿದ್ದವರು ಹೂತುಹೋದ ಪ್ರಕರಣಗಳಾದ ಮೇಲೆ ಗೂಡು ಕೊರೆಯಬಾರದೆಂಬ ಆಜ್ಞೆ ಬಂತು. ಆಜ್ಞೆ ಇದ್ದೂ ಜನ ಕೊರೆದರು. ಮಳೆಯಲ್ಲಿ ನೆನೆಯುತ್ತ ನಿಂತವನಿಗೆ ನಾಳೆಯ ಕುಸಿತಕ್ಕಿಂತ ಈ ರಾತ್ರಿಯ ಚಳಿ ದೊಡ್ಡದು.

ನಿಜವಾಗಿ ಕೆಲಸಕ್ಕೆ ಬಂದ ವಸ್ತು ತಲೆಕೆಳಗಾದ ಇಂಗ್ಲಿಷ್ ‘ಎ’ ಅಕ್ಷರದ ಆಕಾರದ ಮರದ ಚೌಕಟ್ಟು. ಚೂಪಾದ ತುದಿ ಕೆಳಗೆ, ಅಗಲವಾದ ಬಾಯಿ ಮೇಲೆ. ಕಂದಕದ ಉದ್ದಕ್ಕೂ ಕೆಲವು ಅಡಿಗೊಂದರಂತೆ ಇದನ್ನು ಇಳಿಸುತ್ತಾರೆ. ಎರಡು ಕಾಲುಗಳು ಎರಡೂ ಗೋಡೆಯ ತಗಡನ್ನು ಹಿಡಿದು ನಿಲ್ಲುತ್ತವೆ. ನಡುವಿನ ಅಡ್ಡಪಟ್ಟಿಯ ಮೇಲೆ ನಡೆಯುವ ಹಲಗೆ, ಅದರ ಕೆಳಗೆ ಉಳಿದ ಮೂಲೆಯಲ್ಲಿ ನೀರು ಹರಿಯುವ ಚರಂಡಿ. ಒಂದೇ ಚೌಕಟ್ಟಿನಲ್ಲಿ ಗೋಡೆಯೂ ನಿಂತಿತು, ಕಾಲೂ ನೀರಿನಿಂದ ಮೇಲೆದ್ದಿತು. ಹಲಗೆ ಎಂದರೆ ಎರಡು ಉದ್ದ ಪಟ್ಟಿಗಳ ಮೇಲೆ ಅಡ್ಡಪಟ್ಟಿ ಹೊಡೆದ ಏಣಿಯಂಥದ್ದು, ಡಕ್‌ಬೋರ್ಡ್ ಎನ್ನುತ್ತಿದ್ದರು. ಕೆಸರು ಮೆತ್ತಿದಾಗ ಜಾರದಿರಲಿ ಎಂದು ಮೇಲೆ ಕೋಳಿಬಲೆಯ ತಂತಿ ಹೊಡೆಯುತ್ತಿದ್ದರು. ಬಲೆ ಹರಿದು ತಂತಿಯ ಮೊನೆ ಎದ್ದರೆ ಬೂಟು ಸಿಕ್ಕಿ ಮುಗ್ಗರಿಸುವುದು ಖಂಡಿತ. ಒಂದು ಹಲಗೆ ಮುರಿದರೂ ಹಿಂದಿನಿಂದ ಹೊರೆ ಹೊತ್ತು ಬರುವವರ ಸಾಲೆಲ್ಲ ನಿಲ್ಲುತ್ತದೆ.

ಇದೇ ಜೇಡಿಯ ಕತೆ 1917ರಲ್ಲಿ ಬೆಲ್ಜಿಯಂನ ಈಪ್ರ್ ಊರಿನ ಬಳಿ ಇನ್ನೂ ದೊಡ್ಡದಾಗಿ ನಡೆಯಿತು. ಜುಲೈ 31ರ ದಾಳಿಗೆ ಮೊದಲು ಬ್ರಿಟಿಷ್ ಫಿರಂಗಿಗಳು 40 ಲಕ್ಷಕ್ಕೂ ಹೆಚ್ಚು ಶೆಲ್ ಸುರಿಸಿ ಆ ಬಯಲಿನ ಚರಂಡಿಗಳನ್ನೆಲ್ಲ ಒಡೆದುಹಾಕಿದವು. ಆಗಸ್ಟಿನಲ್ಲಿ ಮಳೆ ಹಿಡಿಯಿತು. ಆ ಕದನಕ್ಕೆ ಹೆಸರು ಕೊಟ್ಟ ಹಳ್ಳಿ ಪಾಶೆಂಡೇಲ್ ಎಂದರೆ ಇವತ್ತಿಗೂ ಕೆಸರು ಎಂದೇ ಅರ್ಥ. ದಕ್ಷಿಣಕ್ಕೆ ಫ್ರಾನ್ಸಿನ ಸೊಮ್ ನದಿಯ ಕಡೆ ಹೋದರೆ ನೆಲವೇ ಬೇರೆ, ಸೀಮೆಸುಣ್ಣದ ಬಂಡೆ. ಅಗೆಯುವುದು ಕಷ್ಟ, ಅಗೆದದ್ದು ನಿಲ್ಲುತ್ತದೆ. ಜರ್ಮನ್ನರು ಅಲ್ಲಿ ಮೂವತ್ತು ಅಡಿಯ ಆಳದಲ್ಲಿ ಕೋಣೆಗಳನ್ನು ಮಾಡಿಕೊಂಡಿದ್ದರು. ಒಂದು ವಾರ ಸುರಿದ 15 ಲಕ್ಷ ಶೆಲ್‌ಗಳು ಆ ಆಳಕ್ಕೆ ತಲುಪಲಿಲ್ಲ, 1916ರ ಜುಲೈ 1ರಂದು ಅವರು ಮೇಲೆ ಬಂದು ಮೆಷಿನ್‌ಗನ್ ಹೂಡಿದರು. ಆ ಒಂದೇ ದಿನ ಬ್ರಿಟಿಷರು 57,470 ಜನರನ್ನು ಕಳೆದುಕೊಂಡರು, ಅವರಲ್ಲಿ ಸತ್ತವರು 19,240.

ನೆಲದ ಕೆಳಗಿನ ಇನ್ನೊಂದು ಅಪಾಯ ಸುರಂಗ. 1914ರ ಡಿಸೆಂಬರ್ 20ರಂದು ಜಿವಾಂಶಿ ಬಳಿ ಭಾರತೀಯರ ಸರ್ಹಿಂದ್ ಬ್ರಿಗೇಡ್ ಹಿಡಿದಿದ್ದ ಕಂದಕಗಳ ಕೆಳಗೆ ಜರ್ಮನ್ನರು ಹತ್ತು ಸ್ಫೋಟಕಗಳನ್ನು ಒಮ್ಮೆಗೇ ಸಿಡಿಸಿ ದಾಳಿ ಮಾಡಿದರು. ಬ್ರಿಟಿಷರು ಸುರಂಗ ಕೊರೆಯುವ ಪ್ರತ್ಯೇಕ ಕಂಪನಿಗಳನ್ನು 1915ರ ಆರಂಭದಲ್ಲಿ ಕಟ್ಟಲು ಇದೇ ಮುಖ್ಯ ಪ್ರಚೋದನೆ.

ಕಾಲು

ಗದ್ದೆಯ ನಾಟಿ ಮುಗಿಸಿ ಬಂದವರ ಕಾಲು ಬಿಳಿಚಿ ಸುಕ್ಕಾಗಿರುವುದನ್ನು ನೀವು ನೋಡಿರುತ್ತೀರಿ, ಸಂಜೆಯ ಹೊತ್ತಿಗೆ ಸರಿಹೋಗುತ್ತದೆ. ನಮ್ಮ ನೀರು ಬೆಚ್ಚಗಿರುತ್ತದೆ, ಕಾಲು ಆಡುತ್ತಿರುತ್ತದೆ, ಬಿಗಿದ ಬೂಟು ಇರುವುದಿಲ್ಲ. ಈ ಮೂರೂ ತಿರುವುಮುರುವಾದರೆ ಬರುವುದು ಟ್ರೆಂಚ್ ಫುಟ್. ನೀರು ಹೆಪ್ಪುಗಟ್ಟುವಷ್ಟು ತಣ್ಣಗಿರಬೇಕಿಲ್ಲ, ಹತ್ತು ಡಿಗ್ರಿಯಾದರೂ ಸಾಕು. ಚಳಿಗೆ ದೇಹ ಕಾಲಿನ ರಕ್ತನಾಳಗಳನ್ನು ಕುಗ್ಗಿಸಿ ಒಳಗಿನ ಬಿಸಿಯನ್ನು ಉಳಿಸಿಕೊಳ್ಳಲು ನೋಡುತ್ತದೆ. ನಿಂತಲ್ಲೇ ನಿಂತ ಕಾಲಿನಲ್ಲಿ ರಕ್ತ ಓಡಾಡುವುದಿಲ್ಲ. ಮೊಣಕಾಲಿನವರೆಗೆ ಬಿಗಿಯಾಗಿ ಸುತ್ತಿದ ಬಟ್ಟೆಪಟ್ಟಿ ನೆನೆದು ಇನ್ನೂ ಬಿಗಿಯುತ್ತದೆ. ನರಗಳು ಮತ್ತು ಮಾಂಸ ಆಮ್ಲಜನಕವಿಲ್ಲದೆ ಸಾಯತೊಡಗುತ್ತವೆ.

ಮೋಸವಿರುವುದು ಮೊದಲ ಹಂತದಲ್ಲಿ. ಕಾಲು ಜೋಮು ಹಿಡಿಯುತ್ತದೆ, ನೋವು ಗೊತ್ತಾಗುವುದಿಲ್ಲ, ಆದ್ದರಿಂದ ಯಾರೂ ದೂರುವುದಿಲ್ಲ. ಬೂಟು ಬಿಚ್ಚಿ ಬೆಚ್ಚಗಾದ ಮೇಲೆ ಕಾಲು ಬಾತು, ಕೆಂಪು–ನೀಲಿಯಾಗಿ, ಹೊದಿಕೆ ತಾಗಿದರೂ ಸಹಿಸಲಾಗದಷ್ಟು ಉರಿಯುತ್ತದೆ. ಗುಳ್ಳೆ ಏಳುತ್ತದೆ, ಕೆಟ್ಟದ್ದಾದರೆ ಕೊಳೆತು ಬೆರಳು ಅಥವಾ ಪಾದವನ್ನೇ ಕತ್ತರಿಸಬೇಕಾಗುತ್ತದೆ. ಒಮ್ಮೆ ಬಿಚ್ಚಿದ ಬೂಟು ಮತ್ತೆ ಹತ್ತುವುದಿಲ್ಲ. ಬೆಂಕಿಗೆ ಕಾಲು ಒಡ್ಡುವುದು ಎಲ್ಲರಿಗೂ ತೋಚುವ ಉಪಾಯ, ಮತ್ತು ಅದೇ ಹೆಚ್ಚು ಹಾನಿ ಮಾಡುತ್ತದೆ: ಸ್ಪರ್ಶವಿಲ್ಲದ ಚರ್ಮ ಸುಟ್ಟರೂ ತಿಳಿಯುವುದಿಲ್ಲ. 1914–15ರ ಚಳಿಗಾಲದಲ್ಲಿ ಬ್ರಿಟಿಷ್ ದಂಡಿನಲ್ಲಿ ಸುಮಾರು 20,000 ಜನ ಈ ಕಾರಣಕ್ಕೆ ಚಿಕಿತ್ಸೆಗೆ ಹೋದರು.

ಪರಿಹಾರ ಬಹಳ ಸಾದಾ. ಒಬ್ಬೊಬ್ಬನಿಗೂ ಕಾಲುಚೀಲದ ಒಣ ಜೋಡಿಗಳು. ದಿನಕ್ಕೆ ಕನಿಷ್ಠ ಒಂದೆರಡು ಸಲ ಬೂಟು ಬಿಚ್ಚಿ, ಒರೆಸಿ, ತಿಮಿಂಗಿಲದ ಎಣ್ಣೆ ಹಚ್ಚಿ ಉಜ್ಜಬೇಕು. ತನ್ನ ಕಾಲನ್ನು ತಾನೇ ಉಜ್ಜಿಕೊಳ್ಳುವ ಬದಲು ಇಬ್ಬಿಬ್ಬರ ಜೋಡಿ ಮಾಡಿ, ಒಬ್ಬನ ಕಾಲಿಗೆ ಇನ್ನೊಬ್ಬನನ್ನು ಹೊಣೆ ಮಾಡಿದರು. ಒದ್ದೆ ಕಾಲುಚೀಲ ಹಿಂದಕ್ಕೆ, ಒಣಗಿದ್ದು ರಾತ್ರಿಯ ಊಟದ ಹೊರೆಯ ಜೊತೆ ಮುಂದಕ್ಕೆ. ಅಧಿಕಾರಿ ಎದುರಿಗೆ ನಿಂತು ಕಾಲು ನೋಡಬೇಕು. ತುಕಡಿಯಲ್ಲಿ ಟ್ರೆಂಚ್ ಫುಟ್ ಹೆಚ್ಚಿದರೆ ಉತ್ತರ ಕೊಡಬೇಕಾದವನು ಅವನೇ. ಎಣ್ಣೆಯ ಮಹಿಮೆಯನ್ನು ಎಲ್ಲರೂ ಹೇಳುತ್ತಾರೆ. ನನ್ನ ಮಟ್ಟಿಗೆ ಎಣ್ಣೆಗಿಂತ ಹೆಚ್ಚು ಕೆಲಸ ಮಾಡಿದ್ದು ದಿನವೂ ಬೂಟು ಬಿಚ್ಚಿಸಿದ ಆ ಕಟ್ಟಳೆ. ಹಲಗೆ ಮತ್ತು ಚೌಕಟ್ಟು ಬಂದಮೇಲೆ, ಮುಂಚೂಣಿಯ ಸರದಿಯನ್ನು ನಾಲ್ಕರಿಂದ ಎಂಟು ದಿನದೊಳಗೆ ಇಟ್ಟಮೇಲೆ, ಸಂಖ್ಯೆ ಇಳಿಯಿತು. ಹಾಗಿದ್ದೂ ಹಿಮಹುಣ್ಣೂ ಸೇರಿ ಇಡೀ ಯುದ್ಧದ ಲೆಕ್ಕ ಸುಮಾರು 75,000ಕ್ಕೆ ಹೋಯಿತು.

ಕೂರೆ ಮತ್ತು ಐದು ದಿನದ ಜ್ವರ

ತಲೆಯ ಹೇನು ಬೇರೆ, ಬಟ್ಟೆಯ ಕೂರೆ ಬೇರೆ. ಕಂದಕದಲ್ಲಿ ಇದ್ದದ್ದು ಕೂರೆ. ಅದು ಉಣ್ಣೆಬಟ್ಟೆಯ ಹೊಲಿಗೆಯ ಒಳಗೆ ಮೊಟ್ಟೆ ಇಡುತ್ತದೆ, ರಕ್ತ ಹೀರಲು ಮಾತ್ರ ಚರ್ಮಕ್ಕೆ ಬರುತ್ತದೆ. ಬಿಡುವಾದಾಗ ಸೈನಿಕರು ಅಂಗಿ ಕಳಚಿ ಹೊಲಿಗೆಯುದ್ದಕ್ಕೂ ಮೇಣದಬತ್ತಿಯ ಜ್ವಾಲೆ ಓಡಿಸುತ್ತಿದ್ದರು. ಬೇಗ ಓಡಿಸಿದರೆ ಸೀರು ಸಾಯುವುದಿಲ್ಲ, ನಿಧಾನಿಸಿದರೆ ನೂಲು ಸುಟ್ಟು ಹೊಲಿಗೆ ಬಿಡುತ್ತದೆ. ಹಿಂದಿನ ಊರುಗಳ ಬಿಯರ್ ಕಾರ್ಖಾನೆಗಳ ದೊಡ್ಡ ತೊಟ್ಟಿಗಳಲ್ಲಿ ಸ್ನಾನ ಮಾಡಿಸುತ್ತಿದ್ದರು, ಬಟ್ಟೆಯನ್ನು ಹಬೆಗೆ ಹಾಕುತ್ತಿದ್ದರು. ಹಬೆ ಮಡಿಕೆಯೊಳಗೆ ಸರಿಯಾಗಿ ಹೊಗದಿದ್ದರೆ ಉಳಿದ ಮೊಟ್ಟೆಗಳು ಮೈಯ ಬಿಸಿಗೆ ಮರಿಯಾಗಿ ಕೆಲವೇ ದಿನದಲ್ಲಿ ಮೊದಲಿನ ಸ್ಥಿತಿ. ಒಬ್ಬನನ್ನು ಶುದ್ಧ ಮಾಡಿ ಅದೇ ಕಂಬಳಿ ಕೊಟ್ಟರೂ ಅಷ್ಟೇ.

1915ರಲ್ಲಿ ವೈದ್ಯರು ಹೊಸದೊಂದು ಜ್ವರ ಗುರುತಿಸಿದರು. ತಟ್ಟನೆ ಜ್ವರ, ತಲೆನೋವು, ಮೊಣಕಾಲ ಕೆಳಗಿನ ಮೂಳೆಯಲ್ಲಿ ತಡೆಯಲಾರದ ನೋವು. ಬಿಡುತ್ತದೆ, ಐದಾರು ದಿನಕ್ಕೆ ಮತ್ತೆ ಬರುತ್ತದೆ. ಸಾವು ಅಪರೂಪ, ಆದರೆ ವಾರಗಟ್ಟಲೆ ಮನುಷ್ಯ ಕೆಲಸಕ್ಕಿಲ್ಲ. ಕೂರೆಯೇ ಕಾರಣ ಎನ್ನುವುದು ಪ್ರಯೋಗಗಳಿಂದ ಖಚಿತವಾದದ್ದು 1918ರಲ್ಲಿ, ಅಂದರೆ ಯುದ್ಧ ಮುಗಿಯುವ ವರ್ಷ. ಕಚ್ಚುವುದಕ್ಕಿಂತ ಹೆಚ್ಚಾಗಿ, ಕೂರೆಯ ಹಿಕ್ಕೆ ಕೆರೆದ ಗಾಯದೊಳಗೆ ಸೇರಿ ರೋಗ ಹರಡುತ್ತದೆ. ಲಕ್ಷಾಂತರ ಜನ ಮಲಗಿದ್ದು ಇದರಿಂದ.

ದಿನಚರಿ, ಊಟ, ಕಕ್ಕಸು

ನಸುಕಿಗೆ ಮೊದಲು ಎಲ್ಲರೂ ಬಯೊನೆಟ್ ಸಿಕ್ಕಿಸಿ ಜಗಲಿ ಹತ್ತಬೇಕು, ದಾಳಿಗೆ ಅದೇ ಹೊತ್ತು. ಬೆಳಕಾದ ಮೇಲೆ ರೈಫಲ್ ಸ್ವಚ್ಛ ಮಾಡುವುದು, ತಿಂಡಿ, ಕಾವಲು ಇಲ್ಲದವರಿಗೆ ನಿದ್ದೆ ಮತ್ತು ದುರಸ್ತಿ. ಮುಸ್ಸಂಜೆಗೆ ಮತ್ತೆ ಜಗಲಿ. ನಿಜವಾದ ದುಡಿಮೆ ಶುರುವಾಗುವುದು ಕತ್ತಲಾದ ಮೇಲೆ: ತಂತಿ ಕಟ್ಟುವುದು, ಚೀಲ ತುಂಬುವುದು, ಹೊರೆ ತರುವುದು, ಎದುರಿನ ಬಯಲಿನಲ್ಲಿ ಗಸ್ತು. ಮುಳ್ಳುತಂತಿಯ ಗೂಟವನ್ನು ಸುತ್ತಿಗೆಯಿಂದ ಹೊಡೆದರೆ ಸದ್ದಿಗೆ ಮೆಷಿನ್‌ಗನ್ ಉತ್ತರ ಕೊಡುತ್ತಿತ್ತು. ಕೆಳತುದಿ ತಿರುಪಿನಂತಿದ್ದ ಕಬ್ಬಿಣದ ಗೂಟ ಬಂದಮೇಲೆ ಅದನ್ನು ಸದ್ದಿಲ್ಲದೆ ತಿರುಗಿಸಿ ನೆಲಕ್ಕೆ ಇಳಿಸಬಹುದಾಯಿತು.

ನೀರು ಬರುತ್ತಿದ್ದದ್ದು ಎರಡು ಗ್ಯಾಲನ್‌ನ ಪೆಟ್ರೋಲ್ ಡಬ್ಬಿಗಳಲ್ಲಿ. ಸರಿಯಾಗಿ ತೊಳೆಯದ ಡಬ್ಬಿ, ಜೊತೆಗೆ ಶುದ್ಧಿಗೆ ಹಾಕಿದ ಬ್ಲೀಚಿಂಗ್ ಪುಡಿ, ಆದ್ದರಿಂದ ಚಹಾಕ್ಕೆ ಎರಡೂ ವಾಸನೆ. ಬ್ರಿಟಿಷರಿಗೆ ಡಬ್ಬಿಯ ಗೋಮಾಂಸ ಮತ್ತು ಕಲ್ಲಿನಂಥ ಬಿಸ್ಕತ್ತು. ಭಾರತೀಯರಿಗೆ ಗೋಧಿಹಿಟ್ಟು, ಬೇಳೆ, ತುಪ್ಪ, ಬೆಲ್ಲ, ಮಾಂಸ ತಿನ್ನುವವರಿಗೆ ಆಡು. ಆಡುಗಳನ್ನು ಜೀವಂತವಾಗಿಯೇ ತರಿಸಿ ಹಿಂದಿನ ಸಾಲಿನಲ್ಲಿ ಅವರವರ ಪದ್ಧತಿಯಂತೆ ಬೇರೆ ಬೇರೆ ಕಡೆ ಕೊಯ್ಯಬೇಕಿತ್ತು. ಚಪಾತಿಯನ್ನು ಹಿಂದೆಯೇ ಸುಟ್ಟು ಮುಂದಕ್ಕೆ ಕಳಿಸುತ್ತಿದ್ದರು. ಇಂಗ್ಲೆಂಡಿನ ಬ್ರೈಟನ್‌ನಲ್ಲಿ ರಾಜರ ಪೆವಿಲಿಯನ್ ಅನ್ನು ಭಾರತೀಯ ಗಾಯಾಳುಗಳ ಆಸ್ಪತ್ರೆ ಮಾಡಿದಾಗ ಅಲ್ಲಿ ಒಂಬತ್ತು ಅಡುಗೆಮನೆಗಳಿದ್ದವು. ದಂಡಿನ ಸರಬರಾಜಿನವರ ತಲೆನೋವು ಎಷ್ಟಿತ್ತೆಂದು ಇದರಿಂದಲೇ ಊಹಿಸಿ.

ಕಕ್ಕಸಿಗೆ ಕಂದಕದಿಂದ ಹಿಂದಕ್ಕೆ ಚಿಕ್ಕದೊಂದು ಕವಲು ತೋಡಿ, ಬಕೆಟ್ ಅಥವಾ ಬಿಸ್ಕತ್ತಿನ ತಗಡಿನ ಡಬ್ಬಿ ಇಡುತ್ತಿದ್ದರು. ನೀರು ಮೇಲಿರುವ ನೆಲದಲ್ಲಿ ಗುಂಡಿ ತೋಡಿದರೆ ಮಳೆಗೆ ಎಲ್ಲವೂ ಕಂದಕಕ್ಕೇ ಹರಿದು ಬರುತ್ತದೆ. ರಾತ್ರಿ ಡಬ್ಬಿ ಒಯ್ದು ಹೂತು, ಬ್ಲೀಚಿಂಗ್ ಪುಡಿ ಚೆಲ್ಲಲು ಪ್ರತ್ಯೇಕ ಜನ. ಜನ ಅಲ್ಲಿಗೆ ಬಂದುಹೋಗುವುದು ಖಚಿತವೆಂದು ಶತ್ರುವೂ ಬಲ್ಲ, ಆದ್ದರಿಂದ ಆ ಕವಲಿನ ಮೇಲೆ ಗುರಿಕಾರರ ಕಣ್ಣು ಯಾವಾಗಲೂ ಇರುತ್ತಿತ್ತು.

ಅನಿಲ

ಕಂದಕದ ರಕ್ಷಣೆಯನ್ನೇ ಕಂದಕದ ವಿರುದ್ಧ ತಿರುಗಿಸಿದ ಅಸ್ತ್ರ ಇದು. 1915ರ ಏಪ್ರಿಲ್ 22ರ ಸಂಜೆ ಈಪ್ರ್ ಉತ್ತರಕ್ಕೆ ಜರ್ಮನ್ನರು 5,730 ಸಿಲಿಂಡರ್‌ಗಳಿಂದ ಸುಮಾರು 168 ಟನ್ ಕ್ಲೋರಿನ್ ಬಿಟ್ಟರು. ಕ್ಲೋರಿನ್ ಗಾಳಿಗಿಂತ ಎರಡೂವರೆ ಪಟ್ಟು ಭಾರ, ತಗ್ಗಿಗೆ ಇಳಿದು ಅಲ್ಲೇ ಕೂರುತ್ತದೆ. ಕಂದಕದ ತಳದಲ್ಲಿ ಮಲಗಿದ ಗಾಯಾಳುಗಳಿಗೆ ಹೆಚ್ಚು ಪೆಟ್ಟು. ಗಾಳಿಯ ಜೊತೆ ಹಿಂದಕ್ಕೆ ಓಡಿದವರು ಮೋಡದ ಜೊತೆಗೇ ಓಡಿದಂತೆ, ಏದುಸಿರಿಗೆ ಇನ್ನೂ ಹೆಚ್ಚು ಒಳಗೆಳೆದುಕೊಂಡರು. ಜಗಲಿಯ ಮೇಲೆ ನಿಂತಲ್ಲೇ ನಿಂತವರಿಗೆ ಕಡಿಮೆ ತಾಗಿತು. ನಾಲ್ಕು ದಿನದ ನಂತರ ಲಾಹೋರ್ ಡಿವಿಷನ್ ಅದೇ ರಂಗದಲ್ಲಿ ಪ್ರತಿದಾಳಿಗೆ ಹೋದಾಗ ಅವರ ಮೇಲೂ ಅನಿಲ ಬಂತು. ಅಂದು 57ನೇ ವೈಲ್ಡ್ಸ್ ರೈಫಲ್ಸ್ ಜೊತೆಗಿದ್ದ ಜಮಾದಾರ್ ಮೀರ್ ದಸ್ತ್ ಅವರಿಗೆ ವಿಕ್ಟೋರಿಯಾ ಕ್ರಾಸ್ ಬಂತು.

ಮೊದಲ ರಕ್ಷಣೆ ಒದ್ದೆ ಹತ್ತಿಯ ಪಟ್ಟಿ. ಆಮೇಲೆ ರಾಸಾಯನಿಕದಲ್ಲಿ ಅದ್ದಿದ ಫ್ಲಾನೆಲ್ ಚೀಲವನ್ನು ಇಡೀ ತಲೆಗೆ ಹಾಕಿಕೊಂಡು ಅಂಗಿಯೊಳಗೆ ಸಿಕ್ಕಿಸುವುದು. ಕನ್ನಡಕ ಮಂಜಾಗುತ್ತಿತ್ತು, ಮಳೆಯಲ್ಲಿ ರಾಸಾಯನಿಕ ಇಳಿದು ಹಣೆ, ಕಣ್ಣು ಉರಿಯುತ್ತಿದ್ದವು. ಜನ ತಡೆಯಲಾರದೆ ತೆಗೆಯುತ್ತಿದ್ದರು. 1916ರಲ್ಲಿ ಇದ್ದಿಲು ಮತ್ತು ಸುಣ್ಣ–ಪರ್ಮಾಂಗನೇಟ್ ಹರಳುಗಳ ಡಬ್ಬಿಯಿದ್ದ ಮುಖವಾಡ ಬಂದಮೇಲೆ ಪರಿಸ್ಥಿತಿ ಬದಲಾಯಿತು. ಕಂದಕದಲ್ಲಿ ಉಳಿದ ಕ್ಲೋರಿನ್ ತೆಗೆಯಲು ಫ್ರಾನ್ಸಿನ ದ್ರಾಕ್ಷಿ ತೋಟದವರ ಬೆನ್ನಿನ ಸಿಂಪಡಿಸುವ ಪಂಪ್‌ನಲ್ಲಿ ಹೈಪೊ ದ್ರಾವಣ ತುಂಬಿ ಬಳಸಿದರು. 1917ರ ಜುಲೈನಲ್ಲಿ ಬಂದ ಸಾಸಿವೆ ಅನಿಲಕ್ಕೆ ಮುಖವಾಡವೊಂದೇ ಸಾಲಲಿಲ್ಲ. ಅದು ಚರ್ಮ ಸುಡುವ ಎಣ್ಣೆಯಂಥ ದ್ರವ, ಕೆಸರಿನಲ್ಲಿ ದಿನಗಟ್ಟಲೆ ಉಳಿಯುತ್ತಿತ್ತು.

ಗಾಯಾಳುವನ್ನು ಸಾಗಿಸುವುದು

ಗಾಯಗಳಲ್ಲಿ ಅರ್ಧಕ್ಕಿಂತ ಹೆಚ್ಚು ಶೆಲ್‌ನವು. ಚೂರಿನ ಜೊತೆ ಒಳಗೆ ಹೋಗುವುದು ಬಟ್ಟೆಯ ತುಂಡು ಮತ್ತು ತಲೆಮಾರುಗಳಿಂದ ಗೊಬ್ಬರ ಹಾಕಿದ ಹೊಲದ ಮಣ್ಣು. ಧನುರ್ವಾಯು ಮತ್ತು ಅನಿಲ ಕೊಳೆತದ (ಗ್ಯಾಸ್ ಗ್ಯಾಂಗ್ರೀನ್) ರೋಗಾಣುಗಳು ಅದರಲ್ಲೇ ಇರುತ್ತವೆ. ಧನುರ್ವಾಯುವಿಗೆ ಸೀರಂ ಕೊಡುವುದು ನಿಯಮವಾದ ಮೇಲೆ ಅದು ಬೇಗ ಇಳಿಯಿತು. ಇನ್ನೊಂದಕ್ಕೆ ಸತ್ತ ಮಾಂಸವನ್ನು ಬೇಗ ಕತ್ತರಿಸಿ ಗಾಯ ತೆರೆದಿಡುವುದೊಂದೇ ದಾರಿ. ಬೇಗ ಎನ್ನುವುದೇ ಇಲ್ಲಿ ಕಷ್ಟ. ಉದ್ದನೆಯ ಡೋಲಿ ಟ್ರಾವರ್ಸ್ ತಿರುವಿನಲ್ಲಿ ಹೊರಳುವುದಿಲ್ಲ. ಎದೆಗೋಡೆಯ ಮಟ್ಟಕ್ಕೆ ಎತ್ತಿ ಹಿಡಿದರೆ ಗುಂಡು, ಆದ್ದರಿಂದ ಕಂಬಳಿಯಲ್ಲೋ ಬೆನ್ನಿನ ಮೇಲೋ ತರಬೇಕು. ಪಾಶೆಂಡೇಲ್ ಕೆಸರಿನಲ್ಲಿ ಒಂದು ಡೋಲಿಗೆ ಇಬ್ಬರ ಬದಲು ಆರೆಂಟು ಜನ ಬೇಕಾದರು. ತೊಡೆ ಮುರಿದವನ ಕಾಲನ್ನು ಎಳೆದು ಕಟ್ಟುವ ಥಾಮಸ್ ಸ್ಪ್ಲಿಂಟ್ ಬಳಕೆಗೆ ಬರುವ ಮೊದಲು ಅಂಥವರಲ್ಲಿ ಹೆಚ್ಚಿನವರು ಸಾಯುತ್ತಿದ್ದರು. ಮೂಳೆಯ ತುದಿಗಳು ಪ್ರತಿ ಕುಲುಕಿಗೂ ಒಳಗೆ ಕೊಯ್ಯುತ್ತಿದ್ದವು.

ಭಾರತೀಯ ಕಾಲ್ದಳ 1915ರ ಕೊನೆಗೆ ಫ್ರಾನ್ಸ್ ಬಿಟ್ಟು ಮೆಸೊಪೊಟೇಮಿಯಾಕ್ಕೆ ಹೊರಟಿತು. ಸಮಾಧಿಯ ಗುರುತೂ ಇಲ್ಲದವರ ಹೆಸರುಗಳು ನವ್ ಶಾಪೆಲ್ ಸ್ಮಾರಕದಲ್ಲಿವೆ, 4,700ಕ್ಕೂ ಹೆಚ್ಚು.

ಸಭಿಕರ ಒಂದು ಪ್ರಶ್ನೆ

ಮುಳ್ಳುತಂತಿಯನ್ನು ಹೇಗೆ ದಾಟುತ್ತಿದ್ದರು ಎಂದು ಕೇಳಿದ್ದೀರಿ. ಮೂರು ದಾರಿ. ಕತ್ತರಿ ಹಿಡಿದು ರಾತ್ರಿ ತೆವಳಿ ಹೋಗುವುದು, ಒಂದೊಂದೇ ಎಳೆ, ಬಿಗಿದ ತಂತಿ ತುಂಡಾದಾಗ ಟಣ್ ಎನ್ನುತ್ತದೆ. ಎರಡನೆಯದು ಫಿರಂಗಿ. ಸೊಮ್ ಕದನದವರೆಗೂ ಇದು ನೆಚ್ಚುವಂತಿರಲಿಲ್ಲ, ಶೆಲ್ ನೆಲದೊಳಗೆ ಹೊಕ್ಕು ಸಿಡಿದು ತಂತಿಯನ್ನು ಮೇಲಕ್ಕೆ ಎಸೆದು ಇನ್ನಷ್ಟು ಸಿಕ್ಕಾಗಿ ಕೆಳಗೆ ಬೀಳಿಸುತ್ತಿತ್ತು. ತಾಗಿದೊಡನೆ ಶೆಲ್ ಸಿಡಿಸುವ ಕೀಲಿ, ಅಂದರೆ 106ನೇ ನಮೂನೆಯ ಫ್ಯೂಜ್, 1917ರಲ್ಲಿ ಧಾರಾಳವಾಗಿ ಸಿಕ್ಕಮೇಲೆ ಚೂರುಗಳು ನೆಲದ ಮೇಲೇ ಅಡ್ಡಡ್ಡ ಹಾರಿ ತಂತಿ ಕತ್ತರಿಸತೊಡಗಿದವು.

ಮೂರನೆಯದಕ್ಕೆ ನಮ್ಮೂರಿನ ಹೆಸರಿದೆ, ಬ್ಯಾಂಗಲೋರ್ ಟಾರ್ಪೆಡೊ. 1912ರಲ್ಲಿ ಬೆಂಗಳೂರಿನಲ್ಲಿ ಮದ್ರಾಸ್ ಸ್ಯಾಪರ್ಸ್ ಅಂಡ್ ಮೈನರ್ಸ್ ದಳದ ಕ್ಯಾಪ್ಟನ್ ಮೆಕ್ಲಿಂಟಾಕ್ ರೂಪಿಸಿದ್ದು. ಸ್ಫೋಟಕ ತುಂಬಿದ ಲೋಹದ ಕೊಳವೆಗಳನ್ನು ತುದಿಗೆ ತುದಿ ಜೋಡಿಸಿ ತಂತಿಯ ಕೆಳಗೆ ಮುಂದಕ್ಕೆ ತಳ್ಳುತ್ತ ಹೋಗುವುದು, ಹಿಂದಿನಿಂದಲೇ ಸಿಡಿಸುವುದು. ಮುಂತುದಿಗೆ ಮೊಂಡಾದ ಮೂತಿ ಇರಬೇಕು, ಇಲ್ಲದಿದ್ದರೆ ಮೊದಲ ಮುಳ್ಳಿಗೇ ಸಿಕ್ಕಿಕೊಳ್ಳುತ್ತದೆ. ತಳ್ಳುವವರು ತಂತಿಯ ಅಂಚಿನಲ್ಲಿ ಮಲಗಿರಬೇಕಾದ್ದರಿಂದ ಇದು ಕತ್ತಲಿನ ಕೆಲಸ, ದೊಡ್ಡ ದಾಳಿಗಿಂತ ಸಣ್ಣ ಲಗ್ಗೆಗಳಿಗೆ ಒಗ್ಗುವಂಥದ್ದು. ಸಿಡಿದ ಮೇಲೆ ಬೀಳುವ ದಾರಿ ಕಿರಿದು, ಒಬ್ಬರ ಹಿಂದೊಬ್ಬರು ಹಾಯಬೇಕು, ಮತ್ತು ಸದ್ದು ಕೇಳಿದ ಎದುರಿನ ಮೆಷಿನ್‌ಗನ್ ಅದೇ ಕಿಂಡಿಯ ಮೇಲೆ ಗುರಿಯಿಡುತ್ತದೆ. ಹಾಗಾಗಿ ಸಾಧ್ಯವಾದಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಒಟ್ಟಿಗೇ ಸಿಡಿಸುತ್ತಿದ್ದರು.